ಠರಾವು ಪುಸ್ತಕ ಎದುರಿಗಿಟ್ಟುಕೊಂಡು ಎಐ ಕಲಿತವರು: ಬೀಳಗಿ ತಾಲ್ಲೂಕಿನ ಒಂದು ಅರಿವು ಕೇಂದ್ರದ ಪ್ರಕರಣ ಅಧ್ಯಯನ

ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕಿನ ಒಂದು ಪುನರ್ವಸತಿ ಕೇಂದ್ರದ (ಮುಳುಗಡೆಯಾದ ಊರುಗಳ ಜನರಿಗಾಗಿ ಕಟ್ಟಿದ ಊರಿನ) ನಿವಾಸಿಗಳು 2025ರ ಕೊನೆಯ ತಿಂಗಳುಗಳಲ್ಲಿ ತಮ್ಮ ಗ್ರಾಮ ಪಂಚಾಯಿತಿಗೆ ಸಲ್ಲಿಸಿದ ಮಾಹಿತಿ ಹಕ್ಕು ಅರ್ಜಿಯೊಂದು ಹಿಂಬರಹದೊಂದಿಗೆ ವಾಪಸು ಬಂತು. ನಾಲ್ಕು ಪುಟಗಳ ಆ ಅರ್ಜಿಯನ್ನು ಬಿ.ಎ. ಓದುತ್ತಿದ್ದ ಯುವಕನೊಬ್ಬ ಫೋನಿನಲ್ಲಿದ್ದ ಎಐ ಆ್ಯಪ್‌ನಿಂದ ಬರೆಸಿದ್ದ. ಭಾಷೆ ಗಂಭೀರವಾಗಿತ್ತು, ಕಾಗುಣಿತ ತಪ್ಪಿರಲಿಲ್ಲ, ಓದಿದವರಿಗೆ ವಕೀಲರೇ ಬರೆದುಕೊಟ್ಟಂತೆ ಕಾಣುತ್ತಿತ್ತು. ಆದರೆ ಗಟಾರಿನ ಕಾಮಗಾರಿ, ಕುಡಿಯುವ ನೀರು, ಪ್ಲಾಟುಗಳ ಹಕ್ಕುಪತ್ರ, ಹದಿನೈದನೇ ಹಣಕಾಸು ಆಯೋಗದ ಖರ್ಚು ಎಂಬ ನಾಲ್ಕು ವಿಷಯಗಳನ್ನು ಒಂದೇ ಅರ್ಜಿಯಲ್ಲಿ ತುಂಬಲಾಗಿತ್ತು. ಕರ್ನಾಟಕದ ಮಾಹಿತಿ ಹಕ್ಕು ನಿಯಮಗಳಿಗೆ 2008ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು 150 ಪದಗಳನ್ನು ಮೀರಬಾರದು. ಇದು ಇಡೀ ದೇಶಕ್ಕೆ ಅನ್ವಯಿಸುವ ಕೇಂದ್ರ ಕಾಯ್ದೆಯಲ್ಲಿಲ್ಲ, ನಮ್ಮ ರಾಜ್ಯದ ನಿಯಮದಲ್ಲಿದೆ. ಯಂತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಸಾಲದ್ದಕ್ಕೆ ಅರ್ಜಿಯಲ್ಲಿ ಕಾಯ್ದೆಯ ಕಲಂ 36ರ ಉಲ್ಲೇಖವೂ ಇತ್ತು. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಇರುವುದೇ 31 ಕಲಂಗಳು.

ಅರ್ಜಿ ವಾಪಸು ಬಂದುದಕ್ಕೆ ಊರಿನವರು ಹಚ್ಚಿದ ಅರ್ಥ ಬೇರೆಯಾಗಿತ್ತು. ಪಂಚಾಯಿತಿ ಏನನ್ನೋ ಮುಚ್ಚಿಡುತ್ತಿದೆ, ಅದಕ್ಕೇ ನೆಪ ಹೇಳಿ ಅರ್ಜಿ ತಿರುಗಿಸಿದೆ ಎಂಬ ಮಾತು ಎರಡೇ ದಿನಗಳಲ್ಲಿ ಊರ ತುಂಬ ಹರಡಿತು. ಇಲ್ಲಿ ವಿವರಿಸುತ್ತಿರುವುದು ಆ ಹಂತದಿಂದ ಅದೇ ಊರಿನ ಅರಿವು ಕೇಂದ್ರ, ಅಂದರೆ ಗ್ರಾಮ ಪಂಚಾಯಿತಿ ಗ್ರಂಥಾಲಯ, ಏನು ಮಾಡಿತು, ಅದರಿಂದ ಏನಾಯಿತು, ಏನಾಗಲಿಲ್ಲ ಎಂಬುದನ್ನು. ಊರಿನ ಹೆಸರನ್ನೂ ವ್ಯಕ್ತಿಗಳ ಹೆಸರನ್ನೂ ಬೇಕೆಂದೇ ಬಿಡಲಾಗಿದೆ. ಕಾರಣ ಮುಂದೆ ಓದಿದಾಗ ತಿಳಿಯುತ್ತದೆ.

ಊರು ಮತ್ತು ಗ್ರಂಥಾಲಯ

ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಜನರಿಗಾಗಿ ಕಟ್ಟಿದ ಪುನರ್ವಸತಿ ಕೇಂದ್ರಗಳಲ್ಲಿ ಆಡಳಿತದ ಪ್ರಶ್ನೆ ಉಳಿದ ಹಳ್ಳಿಗಳಿಗಿಂತ ಹೆಚ್ಚು ತೊಡಕಿನದು. ರಸ್ತೆ, ಗಟಾರ, ನೀರಿನ ಟ್ಯಾಂಕನ್ನು ಮೊದಲು ಕಟ್ಟಿಸಿದವರು ಕೃಷ್ಣಾ ಮೇಲ್ದಂಡೆ ಯೋಜನೆಯವರು. ಮುಂದೆ ಅವನ್ನು ನೋಡಿಕೊಳ್ಳಬೇಕಾದದ್ದು ಗ್ರಾಮ ಪಂಚಾಯಿತಿ. ಈ ಎರಡರ ನಡುವಿನ ಹಸ್ತಾಂತರ ಎಲ್ಲಿಗೆ ಬಂದಿದೆ ಎಂಬುದು ಸಾಮಾನ್ಯ ನಿವಾಸಿಗೆ ಸುಲಭವಾಗಿ ತಿಳಿಯುವುದಿಲ್ಲ. ಇದೇ ಪ್ರಶ್ನೆಯನ್ನು ಯುವಕರು ಎಐಗೆ ಕೇಳಿದಾಗ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಿ ಎಂಬ ಉತ್ತರ ಬಂದಿತ್ತು. ಆ ಪ್ರಾಧಿಕಾರ ಇರುವುದು ನಿಜ. ಆದರೆ ಅದರ ಕೆಲಸ ಬಾಗಲಕೋಟೆ ಪಟ್ಟಣದ ಮುಳುಗಡೆಗೂ ಅಲ್ಲಿನವರಿಗಾಗಿ ಕಟ್ಟಿದ ನವನಗರಕ್ಕೂ ಸಂಬಂಧಿಸಿದ್ದೇ ಹೊರತು ಬೀಳಗಿಯ ಹಳ್ಳಿಯೊಂದರ ಗಟಾರಿಗೆ ಅಲ್ಲ. ಜಿಲ್ಲೆ, ಪುನರ್ವಸತಿ, ಪ್ಲಾಟು ಎಂಬ ಪದಗಳು ಅಂತರ್ಜಾಲದಲ್ಲಿ ಹೆಚ್ಚಾಗಿ ಆ ಪ್ರಾಧಿಕಾರದ ಜೊತೆಗೇ ಬರುವುದರಿಂದ ಯಂತ್ರ ಅದೇ ದಾರಿ ಹಿಡಿದಿರಬೇಕು.

ಗ್ರಂಥಾಲಯದ ಹಿನ್ನೆಲೆಯನ್ನು ಚುಟುಕಾಗಿ ಹೇಳಬಹುದು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಡಿ ಬೆಳೆದ ಗ್ರಾಮ ಮಟ್ಟದ ಗ್ರಂಥಾಲಯಗಳನ್ನು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. 2020ರಲ್ಲಿ ಮಕ್ಕಳಿಗಾಗಿ ‘ಓದುವ ಬೆಳಕು’ ಅಭಿಯಾನ ಬಂತು. ಆಮೇಲೆ ಅನೇಕ ಕಡೆ ಕಂಪ್ಯೂಟರು, ಟಿ.ವಿ., ಇಂಟರ್ನೆಟ್ ಬಂದವು, ‘ಅರಿವು ಕೇಂದ್ರ’ ಎಂಬ ಹೆಸರೂ ಬಂತು. ಈ ಊರಿನ ಕೇಂದ್ರ ಪಂಚಾಯಿತಿ ಕಚೇರಿಯ ಪಕ್ಕದ ಕೋಣೆಯಲ್ಲಿದೆ. ಮೇಲ್ವಿಚಾರಕಿಯನ್ನು ಊರಿನವರೆಲ್ಲ ‘ಅಕ್ಕಾರ’ ಎಂದೇ ಕರೆಯುತ್ತಾರೆ. ಅವರೂ ಮುಳುಗಡೆಯಾದ ಕುಟುಂಬದಿಂದಲೇ ಬಂದವರು.

ಮೊದಲ ಪ್ರಯತ್ನ ಏಕೆ ನಡೆಯಲಿಲ್ಲ

ವಾಪಸು ಬಂದ ಅರ್ಜಿಯ ಸುದ್ದಿಗೂ ಮೊದಲೇ ಅಲ್ಲಿ ಎಐ ಕುರಿತು ಒಂದು ತರಗತಿ ನಡೆದಿತ್ತು. ಬಳಸಿದ್ದು ಹೊರಗಿನಿಂದ ಬಂದ ಸಿದ್ಧ ಪಾಠ. ಎಐ ಎಂದರೇನು, ಅದರ ಉಪಯೋಗಗಳೇನು, ನಕಲಿ ವಿಡಿಯೊ ಗುರುತಿಸುವುದು ಹೇಗೆ ಎಂಬ ಕ್ರಮದಲ್ಲಿ ಸಾಗುವ ಆ ಪಾಠದಲ್ಲಿ ತಪ್ಪೇನೂ ಇರಲಿಲ್ಲ. ಬಂದ ಹುಡುಗರು ಫೋಟೊ ಬದಲಾಯಿಸುವ ಆ್ಯಪ್ ಯಾವುದೆಂದು ಕೇಳಿದರು, ಹಿರಿಯರು ಅರ್ಧಕ್ಕೇ ಎದ್ದು ಹೋದರು. ಎಐ ಸಾಕ್ಷರತೆಯ ಹೆಸರಿನಲ್ಲಿ ನಮ್ಮಲ್ಲಿ ನಡೆಯುವ ತರಬೇತಿಗಳ ದೊಡ್ಡ ಕೊರತೆ ಇದೇ ಎಂಬುದು ಈ ಲೇಖಕನ ಅಭಿಪ್ರಾಯ: ಉಪಕರಣವನ್ನು ಪರಿಚಯಿಸುತ್ತಾರೆ, ಅದರ ಮುಂದೆ ಇಡಬೇಕಾದ ಪ್ರಶ್ನೆಯನ್ನು ಕೇಳುವವರಿಗೇ ಬಿಟ್ಟುಬಿಡುತ್ತಾರೆ. ಗಟಾರ ತುಂಬಿ ಮನೆಯ ಮುಂದೆ ನೀರು ನಿಂತಿರುವವರಿಗೆ ಯಾವುದೋ ನಟನ ನಕಲಿ ವಿಡಿಯೊ ಗುರುತಿಸುವುದರಲ್ಲಿ ಆಸಕ್ತಿ ಹುಟ್ಟದಿದ್ದರೆ ಅದು ಅವರ ಅಜ್ಞಾನವಲ್ಲ.

ಅರ್ಜಿ ವಾಪಸು ಬಂದ ಮೇಲೆ ಮೇಲ್ವಿಚಾರಕಿ ಸಿದ್ಧ ಪಾಠವನ್ನು ಬದಿಗಿಟ್ಟು, ಆ ನಾಲ್ಕು ಪುಟಗಳನ್ನೇ ಪಾಠದ ಪಠ್ಯ ಮಾಡಿಕೊಂಡರು. ಶನಿವಾರ ಸಂಜೆಗಳಂದು ಹತ್ತು-ಹದಿನೈದು ಮಂದಿ ಸೇರತೊಡಗಿದರು. ಅರ್ಜಿ ಬರೆಸಿದ ಯುವಕ, ಸ್ವಸಹಾಯ ಸಂಘದ ಕೆಲವು ಮಹಿಳೆಯರು, ಒಬ್ಬ ನಿವೃತ್ತ ಶಿಕ್ಷಕರು ಮತ್ತು ಗ್ರಂಥಾಲಯಕ್ಕೆ ದಿನಪತ್ರಿಕೆ ಓದಲು ಬರುವ ರೈತರು ಅವರಲ್ಲಿದ್ದರು.

ಪಾಠದ ಬಗೆ

ಮೊದಲು ಮಾಡಿದ್ದು ಸರಳ ಕೆಲಸ. ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಫೋನುಗಳಲ್ಲಿ, ಒಂದೇ ಫೋನಿನಲ್ಲಿ ಮತ್ತೆ ಮತ್ತೆ ಕೇಳಿ, ಬಂದ ಉತ್ತರಗಳನ್ನು ಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಬರೆದರು. ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲ, ಆದರೆ ಎಲ್ಲವೂ ಅಷ್ಟೇ ಖಚಿತವಾದ ಧಾಟಿಯಲ್ಲಿದ್ದವು. ಇದನ್ನು ಕಂಡು ಯಂತ್ರ ಸುಳ್ಳು ಹೇಳುತ್ತದೆ ಎಂದು ಕೆಲವರು ತೀರ್ಮಾನಿಸಿದಾಗ ಮೇಲ್ವಿಚಾರಕಿ ಅದನ್ನು ಒಪ್ಪಲಿಲ್ಲ. ಸುಳ್ಳು ಹೇಳಬೇಕಾದರೆ ನಿಜ ಗೊತ್ತಿರಬೇಕು. ಈ ಯಂತ್ರ ಅಪಾರ ಬರಹಗಳನ್ನು ಓದಿ, ಯಾವ ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂಬುದನ್ನು ಕಲಿತು, ಅದರಂತೆ ಪದದ ಮುಂದೆ ಪದ ಇಡುತ್ತ ಹೋಗುತ್ತದೆ. ಭಜನೆಯಲ್ಲಿ ವರ್ಷಗಟ್ಟಲೆ ಕುಳಿತವನು ಹಾಡುವವರು ನಡುವೆ ನಿಲ್ಲಿಸಿದರೂ ಮುಂದಿನ ನುಡಿಯನ್ನು ತಾಳ ತಪ್ಪದಂತೆ ತಾನೇ ಕಟ್ಟಿ ಹಾಡಬಲ್ಲ, ಆದರೆ ಆ ನುಡಿ ಮೂಲ ಪದದಲ್ಲಿ ಇದೆಯೋ ಇಲ್ಲವೋ ಎಂಬುದನ್ನು ಕೈಬರಹದ ಪುಸ್ತಕ ತೆಗೆದೇ ನೋಡಬೇಕು ಎಂದು ಅವರು ವಿವರಿಸಿದರು. ಈ ಲೇಖಕ ಎಐ ಕುರಿತು ಕೇಳಿದ ಅನೇಕ ಉಪನ್ಯಾಸಗಳಿಗಿಂತ ಈ ವಿವರಣೆ ನಿಖರವಾಗಿತ್ತು ಎನ್ನಲು ಸಂಕೋಚವಿಲ್ಲ.

ಕನ್ನಡದ ಮಟ್ಟಿಗೆ ಈ ತೊಂದರೆ ಇನ್ನೂ ಹೆಚ್ಚು. ಇಂಗ್ಲಿಷಿಗೆ ಹೋಲಿಸಿದರೆ ಇಂಥ ಯಂತ್ರಗಳು ಓದಿರುವ ಕನ್ನಡ ಬರಹ ಬಹಳ ಕಡಿಮೆ. ಅದರಲ್ಲಿಯೂ ಹಳೆಯ ಮುಂಬೈ ಪ್ರಾಂತದ ಆಡಳಿತದಿಂದ ಈ ಭಾಗದಲ್ಲಿ ಉಳಿದುಬಂದಿರುವ ಕಂದಾಯದ ಪದಗಳು ಇನ್ನೂ ವಿರಳ. ಪಹಣಿಗೆ ಇಲ್ಲಿ ಉತಾರ ಎನ್ನುತ್ತಾರೆ, ಹಕ್ಕು ಬದಲಾವಣೆಯ ದಾಖಲೆಗೆ ಡೈರಿ ಎನ್ನುತ್ತಾರೆ. ವಾರಸಾ ಡೈರಿ ಮಾಡಿಸುವುದು ಹೇಗೆ ಎಂದು ಒಬ್ಬ ರೈತರು ಕೇಳಿಸಿದಾಗ ಯಂತ್ರ ಹಾಲಿನ ಡೇರಿಯ ಸಾಲ ಸೌಲಭ್ಯಗಳನ್ನು ವಿವರವಾಗಿ ತಿಳಿಸಿತು. ಆ ಸಂಜೆ ನಕ್ಕಷ್ಟು ಮತ್ಯಾವಾಗಲೂ ನಗಲಿಲ್ಲ ಎಂದು ಬಂದವರು ಹೇಳುತ್ತಾರೆ.

ನಗಲಾಗದ ಉದಾಹರಣೆಯೂ ಇತ್ತು. ಆಲಮಟ್ಟಿ ಅಣೆಕಟ್ಟೆಯ ಎತ್ತರವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಕೃಷ್ಣಾ ಮೇಲ್ದಂಡೆ ಮೂರನೇ ಹಂತಕ್ಕೆ ಜಮೀನು ಕಳೆದುಕೊಳ್ಳಲಿರುವವರು ಈ ಊರಿನಲ್ಲಿಯೂ ಇದ್ದಾರೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣ ಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಎಂದು ನಿರ್ಧರಿಸಿತು. ಕಾಲುವೆಗೆ ಹೋಗುವ ಜಮೀನಿನ ದರ ಬೇರೆ. ಒಂದು ಫೋನಿನ ಎಐ ಇದಕ್ಕೂ ಹಿಂದಿನ ದರವನ್ನು ಇವತ್ತಿನದೆಂಬಂತೆ ಹೇಳಿತು, ಇನ್ನೊಂದು ಮುಳುಗಡೆಯ ದರವನ್ನೇ ಕಾಲುವೆಗೂ ಹೇಳಿತು. ಒಂದು ದಿನಾಂಕದವರೆಗಿನ ಬರಹವನ್ನಷ್ಟೇ ಓದಿ ಕಲಿತ ಯಂತ್ರಕ್ಕೆ, ಅಂತರ್ಜಾಲದಲ್ಲಿ ಹೊಸದಾಗಿ ಹುಡುಕಿ ನೋಡದ ಹೊರತು, ಅನಂತರದ ತೀರ್ಮಾನಗಳು ತಿಳಿಯುವುದಿಲ್ಲ. ಹುಡುಕಿದಾಗಲೂ ಸುದ್ದಿ, ವದಂತಿ, ಬೇಡಿಕೆ, ಆದೇಶ ಇವುಗಳನ್ನು ಅದು ಬೇರ್ಪಡಿಸಿಯೇ ಕೊಡುತ್ತದೆ ಎನ್ನುವಂತಿಲ್ಲ. ಹೋರಾಟಗಾರರು ಕೇಳಿದ ಮೊತ್ತವೂ ಸರ್ಕಾರ ಒಪ್ಪಿದ ಮೊತ್ತವೂ ಅದರ ಉತ್ತರದಲ್ಲಿ ಒಂದೇ ಸಾಲಿನಲ್ಲಿ ಕೂರಬಹುದು. ಜಮೀನಿನ ದರದ ವಿಷಯದಲ್ಲಿ ಇಂಥ ಬೆರಕೆ ಮನೆ ಮನೆಗಳ ನಡುವೆ ಜಗಳ ಹಚ್ಚುತ್ತದೆ.

ಈ ಹಂತದಲ್ಲಿ ಹಿರಿಯ ರೈತರೊಬ್ಬರು ಎತ್ತಿದ ಪ್ರಶ್ನೆಗೆ ಯಾರಲ್ಲಿಯೂ ಉತ್ತರವಿರಲಿಲ್ಲ: “ಅಲ್ರೀ ಅಕ್ಕಾರ, ಮಷಿನ್ನ ತಪ್ಪ ಹೇಳಿದ್ರ ಯಾರ ಮ್ಯಾಲ ಅರ್ಜಿ ಹಾಕೂದ್ರಿ?” ಪಂಚಾಯಿತಿಯ ಹಿಂಬರಹಕ್ಕೆ ಸಹಿ ಇರುತ್ತದೆ, ಅದರ ಮೇಲೆ ಮೇಲ್ಮನವಿ ಹೋಗಬಹುದು. ಯಂತ್ರದ ಉತ್ತರಕ್ಕೆ ಸಹಿ ಇಲ್ಲ.

ಆದ್ದರಿಂದ ಪಾಠ ಮುಂದೆ ಒಂದೇ ಅಭ್ಯಾಸದ ಸುತ್ತ ಸಾಗಿತು. ಯಂತ್ರ ಕೊಟ್ಟ ಪ್ರತಿಯೊಂದು ಮಾತಿನ ಎದುರು ಸಹಿ, ದಿನಾಂಕ, ಕ್ರಮಾಂಕ ಇರುವ ಒಂದು ಕಾಗದವನ್ನು ಇಡಬೇಕು. ಸಿಗದಿದ್ದರೆ ಆ ಮಾತನ್ನು ಅರ್ಜಿಯಲ್ಲಿಯೂ ಸಭೆಯಲ್ಲಿಯೂ ಬಳಸಬಾರದು. ಎದುರಿಗಿಡಲು ಬೇಕಾದ ಕಾಗದಗಳು ದೂರವಿರಲಿಲ್ಲ. ಪಂಚಾಯಿತಿಯ ವಾರ್ಷಿಕ ಕ್ರಿಯಾ ಯೋಜನೆಯನ್ನು ಇ-ಗ್ರಾಮ ಸ್ವರಾಜ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು, ಅದನ್ನು ಕೇಂದ್ರದ ಕಂಪ್ಯೂಟರಿನಲ್ಲಿಯೇ ತೆಗೆದರು. ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು, ಉಳಿದ ಶೇ 40ನ್ನು ಸ್ಥಳೀಯ ಅಗತ್ಯಕ್ಕೆ ಬಳಸಬಹುದು ಎಂಬ ಸಂಗತಿ ಬಂದವರಲ್ಲಿ ಬಹುಪಾಲು ಜನರಿಗೆ ಹೊಸದಾಗಿತ್ತು. ಪಂಚಾಯಿತಿ ಸಭೆಯ ನಡಾವಳಿ ಮತ್ತು ಠರಾವುಗಳ ಪುಸ್ತಕ ಪಕ್ಕದ ಕೋಣೆಯಲ್ಲಿಯೇ ಇತ್ತು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಸಂಬಂಧಪಟ್ಟ ಪುಟಗಳ ನಕಲನ್ನು ಕೊಡಲು ಒಪ್ಪಿದ್ದು ಈ ಪ್ರಕರಣದ ಒಂದು ಅದೃಷ್ಟ ಎನ್ನಬೇಕು.

ಹೊಸ ಅರ್ಜಿಯನ್ನು ಅದೇ ಯುವಕ ಬರೆದ. ಎಐಯನ್ನು ಬಿಟ್ಟುಬಿಡಲಿಲ್ಲ, ಆದರೆ ಬಳಸುವ ಕ್ರಮ ತಿರುಗುಮುರುಗಾಯಿತು. ಮೊದಲು ತನ್ನ ಪ್ರಶ್ನೆಯನ್ನು ತಾನೇ ಬರೆದುಕೊಂಡು, ಅದನ್ನು 150 ಪದಗಳೊಳಗೆ ಇಳಿಸಿಕೊಡಲು ಯಂತ್ರಕ್ಕೆ ಹೇಳಿದ. ಇಳಿಸಿದ ಮೇಲೆ ಬಿಟ್ಟುಹೋದದ್ದೇನು, ಹೊಸದಾಗಿ ಸೇರಿದ್ದೇನು ಎಂದು ಎಲ್ಲರೂ ಕೂಡಿ ಓದಿದರು. ಗಟಾರಿನ ಕಾಮಗಾರಿಯೊಂದನ್ನೇ ಕುರಿತ ಆ ಅರ್ಜಿಗೆ ಹತ್ತು ರೂಪಾಯಿ ಶುಲ್ಕ ಕಟ್ಟಲಾಯಿತು. ಕಾಯ್ದೆ ಹೇಳುವ 30 ದಿನಗಳೊಳಗೆ ಉತ್ತರವೂ ಬಂತು. ಕಾಮಗಾರಿ ಕ್ರಿಯಾ ಯೋಜನೆಯಲ್ಲಿ ಸೇರಿದೆ, ಅಂದಾಜು ಪಟ್ಟಿಗೆ ತಾಂತ್ರಿಕ ಮಂಜೂರಾತಿ ಬಾಕಿ ಇದೆ ಎಂಬುದು ಉತ್ತರದ ಸಾರ. ಯಾರೂ ಹಣ ತಿಂದಿರಲಿಲ್ಲ, ಕೆಲಸವೂ ಆಗಿರಲಿಲ್ಲ. ಮುಂದಿನ ವಾರ್ಡ್ ಸಭೆಯಲ್ಲಿ ಮಹಿಳೆಯರು ಆ ಉತ್ತರವನ್ನು ಕೈಯಲ್ಲಿ ಹಿಡಿದು, ಮಂಜೂರಾತಿಗೆ ಕಡತ ಯಾವ ತಾರೀಖಿಗೆ ಹೋಯಿತು ಎಂದು ಕೇಳಿದರು. ಗಟಾರ ಏಕೆ ಆಗಿಲ್ಲ ಎಂದು ಕೇಳಿದಾಗ ಸಿಗುವ ಉತ್ತರಕ್ಕೂ ಈ ಪ್ರಶ್ನೆಗೆ ಸಿಗುವ ಉತ್ತರಕ್ಕೂ ಇರುವ ಅಂತರ ಪಂಚಾಯಿತಿ ಸಭೆಗಳನ್ನು ಬಲ್ಲವರಿಗೆ ಗೊತ್ತು.

ಸಭೆಯ ಮಾತು, ಯಂತ್ರದ ಬರಹ

ಪಾಠ ಅಲ್ಲಿಂದ ಇನ್ನೊಂದು ಕಡೆಗೆ ಹೊರಳಿತು. ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ 2025ರ ಆಗಸ್ಟ್‌ನಲ್ಲಿ ‘ಸಭಾಸಾರ್’ ಎಂಬ ಎಐ ಸಾಧನವನ್ನು ಜಾರಿಗೆ ತಂದಿದೆ. ಗ್ರಾಮ ಸಭೆಯ ಧ್ವನಿ ಅಥವಾ ವಿಡಿಯೊ ಮುದ್ರಿಕೆಯಿಂದ ನಡಾವಳಿಯನ್ನು ತಾನೇ ಸಿದ್ಧಪಡಿಸುವುದು ಅದರ ಉದ್ದೇಶ, ಭಾಷೆಗಳಿಗಾಗಿ ಅದು ಕೇಂದ್ರ ಸರ್ಕಾರದ ಭಾಷಾಂತರ ವೇದಿಕೆಯಾದ ‘ಭಾಷಿಣಿ’ಯನ್ನು ಆಶ್ರಯಿಸಿದೆ. ಈ ಪಂಚಾಯಿತಿ ಅದನ್ನು ಬಳಸಿರಲಿಲ್ಲ. ಆದರೆ ಮುಂದೊಂದು ದಿನ ತಮ್ಮ ಸಭೆಯ ಮಾತನ್ನು ಯಂತ್ರ ಬರೆಯಬಹುದು ಎಂದಾದರೆ ಅದು ಹೇಗೆ ಬರೆಯುತ್ತದೆ ಎಂಬುದನ್ನು ಈಗಲೇ ತಿಳಿಯಬೇಕೆಂದು ಮೇಲ್ವಿಚಾರಕಿ ವಾರ್ಡ್ ಸಭೆಯ ಸ್ವಲ್ಪ ಭಾಗವನ್ನು, ಎಲ್ಲರಿಗೂ ತಿಳಿಸಿ, ಫೋನಿನಲ್ಲಿ ಮುದ್ರಿಸಿ, ಮಾತನ್ನು ಬರಹಕ್ಕೆ ಇಳಿಸುವ ಒಂದು ಸಾಮಾನ್ಯ ಆ್ಯಪ್‌ಗೆ ಕೊಟ್ಟರು.

“ಗಟಾರ ಬಳಿಯಾಕ ಯಾರೂ ಬರವಲ್ರು” (ಬರುತ್ತಿಲ್ಲ) ಎಂದು ಒಬ್ಬ ಮಹಿಳೆ ಹೇಳಿದ್ದು ಬರಹದಲ್ಲಿ ‘ಬರುವರು’ ಎಂದಾಗಿತ್ತು. ಮಾತನ್ನು ಚುಟುಕಾಗಿಸಿದ ಮುಂದಿನ ಹಂತದಲ್ಲಿ ಅದೇ ‘ಗಟಾರ ಸ್ವಚ್ಛಗೊಳಿಸಲು ಸಿಬ್ಬಂದಿ ಬರಲಿದ್ದಾರೆ’ ಎಂಬ ಭರವಸೆಯಾಯಿತು. ದೂರು ಕೊಟ್ಟವರ ಬಾಯಿಂದಲೇ ಭರವಸೆ ಹೊರಟಂತಾಯಿತು. ಫೋನು ಅಧ್ಯಕ್ಷರ ಮೇಜಿನ ಮೇಲಿದ್ದುದರಿಂದ ಹಿಂದಿನ ಸಾಲಿನಲ್ಲಿ ಕುಳಿತವರ ಮಾತು ಬಹುಪಾಲು ಬರಹಕ್ಕೆ ಬರಲೇ ಇಲ್ಲ. ಹಿಂದಿನ ಸಾಲಿನಲ್ಲಿ ಕೂರುವವರು ಯಾರು ಎಂಬುದನ್ನು ಇಲ್ಲಿ ಬಿಡಿಸಿ ಹೇಳುವ ಅಗತ್ಯವಿಲ್ಲ. ಇನ್ನು ಚುಟುಕಾಗಿಸುವಾಗ ಯಂತ್ರ ಒಮ್ಮತದ ಕಡೆಗೇ ವಾಲುತ್ತದೆ. ಇಬ್ಬರು ಒಪ್ಪಿ ಒಬ್ಬರು ವಿರೋಧಿಸಿದ ವಿಷಯ ‘ಚರ್ಚಿಸಲಾಯಿತು’ ಎಂಬ ಒಂದು ಪದದಲ್ಲಿ ಮುಗಿದುಹೋಗಿತ್ತು. ಇದೆಲ್ಲವನ್ನೂ ನೋಡಿದ ಮೇಲೆ ಗುಂಪು ಒಂದು ರೂಢಿ ಮಾಡಿಕೊಂಡಿತು: ಸಭೆಯಲ್ಲಿ ಮಾತನಾಡುವವರು ಮುಂದೆ ಬಂದು ಮಾತನಾಡುವುದು, ಮುಗಿಯುವ ಮೊದಲು ನಡಾವಳಿಯನ್ನು ಗಟ್ಟಿಯಾಗಿ ಓದಿಸುವುದು. ಯಂತ್ರವಿಲ್ಲದ ಕಾಲದಲ್ಲಿಯೂ ಹೀಗೆಯೇ ಆಗಬೇಕಿತ್ತು. ಕೈಯಿಂದ ಬರೆದ ನಡಾವಳಿಗಳಲ್ಲಿಯೂ ಇದೇ ದೋಷಗಳಿವೆ ಎಂದು ನಿವೃತ್ತ ಶಿಕ್ಷಕರು ಹೇಳಿದ್ದು ಸರಿಯೇ.

ಅಡ್ಡಿ ಬಂದದ್ದು ಎಲ್ಲಿಂದ

ವಾರ್ಡ್ ಸಭೆಯ ನಂತರ ಸದಸ್ಯರೊಬ್ಬರು ಕೇಂದ್ರಕ್ಕೆ ಬಂದು, “ಲೈಬ್ರರಿ ಇರೂದು ಪೇಪರ್ ಓದಾಕರೀ, ಪಂಚಾಯ್ತಿ ಮ್ಯಾಲ ಅರ್ಜಿ ಬರಿಯೂದು ಕಲಸಾಕಲ್ಲ” ಎಂದರು. 2020ರ ಡಿಸೆಂಬರ್‌ನಲ್ಲಿ ಚುನಾಯಿತರಾದ ಸದಸ್ಯರ ಅವಧಿ ಮುಗಿಯುತ್ತ ಬಂದಿತ್ತು, ಮುಂದಿನ ಚುನಾವಣೆಯ ಮಾತು ಊರಲ್ಲಿ ಆಗಲೇ ಎದ್ದಿತ್ತು. ಮೇಲ್ವಿಚಾರಕಿ ಕೊಟ್ಟ ಉತ್ತರ ಇಷ್ಟೇ: “ನಾ ಬರದ ಕೊಡಂಗಿಲ್ರೀ ಸಾಹೇಬ್ರ, ಬರದದ್ದನ್ನ ಓದೂದು ಕಲಸ್ತೀನಿ.” ಅಂದಿನಿಂದ ಅವರು ಯಾರ ಅರ್ಜಿಯನ್ನೂ ತಮ್ಮ ಕೈಯಿಂದ ಬರೆಯಲಿಲ್ಲ, ತಿದ್ದಲೂ ಇಲ್ಲ.

ಈ ಪ್ರಕರಣದ ಮುಖ್ಯ ಗಂಟು ಇಲ್ಲಿದೆ ಎಂದು ಈ ಲೇಖಕ ಭಾವಿಸುತ್ತಾನೆ. 2019ರ ವರ್ಗಾವಣೆಯಿಂದ ಗ್ರಂಥಾಲಯ ಪಂಚಾಯಿತಿಗೆ ಹತ್ತಿರವಾಯಿತು. ಕಟ್ಟಡ, ಇಂಟರ್ನೆಟ್, ಪಕ್ಕದ ಕೋಣೆಯ ದಾಖಲೆ ಎಲ್ಲವೂ ಆ ಸಾಮೀಪ್ಯದ ಫಲ, ಅದಿಲ್ಲದಿದ್ದರೆ ಈ ಪಾಠವೇ ಸಾಧ್ಯವಿರಲಿಲ್ಲ. ಆದರೆ ಯಾರ ಕೆಲಸವನ್ನು ಪ್ರಶ್ನಿಸಲು ನಾಗರಿಕರು ಇಲ್ಲಿ ಕಲಿಯುತ್ತಾರೋ ಅವರ ಅಧೀನದಲ್ಲಿಯೇ ಕಲಿಸುವವರ ನೌಕರಿಯೂ ಇದೆ. ಮೇಲ್ವಿಚಾರಕಿಯ ಧೈರ್ಯ ಮತ್ತು ಒಬ್ಬ ಅಧಿಕಾರಿಯ ಔದಾರ್ಯವನ್ನೇ ನಂಬಿ ಇಂಥ ಕಾರ್ಯಕ್ರಮವನ್ನು ಜಿಲ್ಲೆಯಲ್ಲೆಲ್ಲ ಹರಡಲು ಬರುವುದಿಲ್ಲ. ಇದಕ್ಕೆ ಪರಿಹಾರ ಕಾಯ್ದೆಯಲ್ಲಿಯೇ ಇದೆ. ಮಾಹಿತಿ ಹಕ್ಕು ಕಾಯ್ದೆಯ ಕಲಂ 4(1)(ಬಿ) ಪ್ರಕಾರ ಪ್ರತಿ ಸಾರ್ವಜನಿಕ ಪ್ರಾಧಿಕಾರ ತನ್ನ ರಚನೆ, ಬಜೆಟ್, ಕಾರ್ಯಕ್ರಮಗಳ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಆ ಕಾಗದಗಳನ್ನು ಗ್ರಂಥಾಲಯದಲ್ಲಿ ಇರಿಸುವುದು ಪಂಚಾಯಿತಿಯ ಕರ್ತವ್ಯ ಪಾಲನೆಯ ಒಂದು ಬಗೆಯಾಗುತ್ತದೆ, ಓದಿಸುವವರು ಯಾರ ವಿರುದ್ಧವೂ ನಿಂತಂತಾಗುವುದಿಲ್ಲ. ಅಭಿವೃದ್ಧಿ ಅಧಿಕಾರಿಗೂ ಈ ವಾದ ಒಪ್ಪಿಗೆಯಾಯಿತು. ನಾಲ್ಕು ಪುಟದ ಗೊಂದಲದ ಅರ್ಜಿಗಳಿಗೆ ಹಿಂಬರಹ ಬರೆಯುವುದಕ್ಕಿಂತ ಒಂದು ಪ್ಯಾರಾದ ಸ್ಪಷ್ಟ ಅರ್ಜಿಗೆ ಉತ್ತರಿಸುವುದು ಅವರಿಗೂ ಹಗುರ.

ಬಿಟ್ಟುಹೋದ ಸಂಗತಿಗಳೂ ಇವೆ. ಆಧಾರ್ ಕಾರ್ಡು, ಉತಾರ, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೊಗಳನ್ನು ಎಐ ಆ್ಯಪ್‌ಗೆ ಹಾಕಿ ಓದಿಸುವ ರೂಢಿ ಊರಲ್ಲಿ ಬೆಳೆದಿದೆ. ಹಾಕಬಾರದೆಂದು ಪಾಠದಲ್ಲಿ ಹೇಳಿದ್ದು ಸಾಲದು, ಏಕೆಂದರೆ ಓದಲು ಬಾರದವರಿಗೆ ಅದೇ ಸುಲಭದ ದಾರಿ. ವೈಯಕ್ತಿಕ ದತ್ತಾಂಶ ರಕ್ಷಣೆಯ 2023ರ ಕಾಯ್ದೆಯ ಮೂಲಕ ಮಾಹಿತಿ ಹಕ್ಕಿನ ಕಲಂ 8(1)(ಜೆ)ಗೆ ಬಂದಿರುವ ತಿದ್ದುಪಡಿ 2025ರ ನವೆಂಬರ್‌ನಿಂದ ಜಾರಿಯಲ್ಲಿದೆ. ಫಲಾನುಭವಿಗಳ ಪಟ್ಟಿಯಂಥವನ್ನು ಕೇಳಿದಾಗ ವೈಯಕ್ತಿಕ ಮಾಹಿತಿ ಎಂಬ ಕಾರಣಕ್ಕೆ ನಿರಾಕರಿಸುವ ಅವಕಾಶ ಇದರಿಂದ ಹಿಗ್ಗಿದೆ. ಇದನ್ನು ಪಾಠದಲ್ಲಿ ಹೇಗೆ ಸೇರಿಸಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ಕೂಲಿಗೆ ಹೋಗುವ ಮಹಿಳೆಯರಿಗೆ ಶನಿವಾರದ ಸಂಜೆ ಹೊಂದುವುದಿಲ್ಲ, ಅವರು ಬರುವುದು ಕಡಿಮೆಯೇ ಆಗಿದೆ.

ಸುದ್ದಿ ಕೇಳಿ ಮುಧೋಳ ತಾಲ್ಲೂಕಿನ ಒಂದು ಊರಿನ ಮೇಲ್ವಿಚಾರಕರು ಪಾಠದ ಪ್ರತಿ ಕೇಳಿದರು. ಅಲ್ಲಿನ ಪ್ರಶ್ನೆ ಗಟಾರಿನದಲ್ಲ, ಕಬ್ಬಿನ ಬಿಲ್ಲಿನದು. 2025-26ರ ಹಂಗಾಮಿಗೆ ಕೇಂದ್ರ ನಿಗದಿಪಡಿಸಿದ ಎಫ್‌ಆರ್‌ಪಿ (ಕಬ್ಬಿನ ನ್ಯಾಯಯುತ ಮತ್ತು ಲಾಭದಾಯಕ ದರ) ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ನಡೆದ ರೈತರ ಹೋರಾಟದ ನಂತರ ರಾಜ್ಯ ಸರ್ಕಾರ ಪ್ರಕಟಿಸಿದ್ದು ಟನ್ನಿಗೆ 3,300 ರೂಪಾಯಿ. ಈ ಎರಡು ಅಂಕಿಗಳು ಒಂದೇ ಅಳತೆಯವಲ್ಲ, ಇಳುವರಿಯ ಪ್ರಮಾಣ ಮತ್ತು ಕಟಾವು-ಸಾಗಣೆಯ ಖರ್ಚಿನ ಲೆಕ್ಕ ಅವುಗಳ ನಡುವೆ ಇದೆ. ಎಐಯನ್ನು ಕೇಳಿದರೆ ಎರಡನ್ನೂ ಕಲಸಿ ಒಂದು ಉತ್ತರ ಕೊಡುತ್ತದೆ ಎಂದು ಆ ಮೇಲ್ವಿಚಾರಕರು ಹೇಳಿದರು. ಎಫ್‌ಆರ್‌ಪಿ ಆದೇಶವನ್ನು ಗ್ರಂಥಾಲಯದಲ್ಲಿ ಎದುರಿಗಿಟ್ಟು ಓದಿಸಬಹುದು. ಆದರೆ ರೈತನ ಬಿಲ್ಲನ್ನು ನಿರ್ಧರಿಸುವ ಇಳುವರಿಯ ಲೆಕ್ಕ ಕಾರ್ಖಾನೆಯ ಪ್ರಯೋಗಾಲಯದಲ್ಲಿರುತ್ತದೆ, ಪಂಚಾಯಿತಿಯ ಪಕ್ಕದ ಕೋಣೆಯಲ್ಲಿ ಅಲ್ಲ. ಬೀಳಗಿಯ ಪಾಠ ಅಲ್ಲಿ ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬುದು ಆ ಕಾಗದ ಯಾರ ಮೂಲಕ, ಯಾವ ಕಚೇರಿಯಿಂದ ದೊರೆಯುತ್ತದೆ ಎಂಬುದರ ಮೇಲೆ ನಿಂತಿದೆ. ಇಬ್ಬರು ಮೇಲ್ವಿಚಾರಕರೂ ಸದ್ಯಕ್ಕೆ ಅದನ್ನೇ ವಿಚಾರಿಸುತ್ತಿದ್ದಾರೆ.